ಕಪ್ಪು ಮಿಷನ್ನಿನ ಸೊಗಸು

ಹೊಲಿಗೆ ಕಲಿಯಬೇಕು, ಯಾವ ಮಿಷನ್ ತಗೊಳ್ಳಲಿ ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ: ಕಾಲಲ್ಲಿ ತುಳಿಯುವ ಕಪ್ಪು ಮಿಷನ್. ಬೀಡುಕಬ್ಬಿಣದ ಮೈ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ, ಮುಟ್ಟಿ ಮುಟ್ಟಿ ನುಣುಪಾಗುವ ಕೈಚಕ್ರ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಬಿಳಿಯ ಕರೆಂಟ್ ಮಿಷನ್‌ಗಳಿರುತ್ತವೆ. ಜಿಗ್‌ಜಾಗ್, ಕಾಜಾ ಎಲ್ಲ ಅವುಗಳಲ್ಲೇ ಆಗುತ್ತದೆ, ನಿಜ. ಕಪ್ಪು ಮಿಷನ್ನಿಗೆ ಬರುವುದು ನೇರ ಹೊಲಿಗೆಯೊಂದೇ. ಆ ಒಂದನ್ನು ಅದು ಹಾಕುವ ಚಂದ ನೋಡಬೇಕು!

ಬಾಬಿನ್ನಿಗೆ ದಾರ ಸುತ್ತಿ, ಕೇಸಿಗೆ ಹಾಕಿ, ಕೆಳಗೆ ಕೂರಿಸಿ. ಸೂಜಿಗೆ ಪೋಣಿಸಿದ ಮೇಲಿನ ದಾರದ ತುದಿಯನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಬಲಗೈಯಿಂದ ಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ತಿರುಗಿಸಿ. ಸೂಜಿ ಮುಳುಗಿ ಎದ್ದಮೇಲೆ ದಾರವನ್ನು ಮೆಲ್ಲಗೆ ಎಳೆದರೆ, ತಟ್ಟೆಯ ತೂತಿನಿಂದ ಕೆಳಗಿನ ದಾರ ಕುಣಿಕೆಯಾಗಿ ಮೇಲೆ ಬರುತ್ತದೆ. ಎಷ್ಟು ಸಲ ಕಂಡರೂ ನನಗಿದು ಹಳತಾಗಿಲ್ಲ. ಗುಟ್ಟಿರುವುದು ಸೂಜಿಯಲ್ಲಿ. ಕೈಸೂಜಿಯ ಕಣ್ಣು ಹಿಂದಿನ ತುದಿಗೆ, ಮಿಷನ್ ಸೂಜಿಯದು ಮೊನೆಯ ಹತ್ತಿರ. ಬಟ್ಟೆ ದಾಟಿದ ಸೂಜಿ ಹಿಂದಿರುಗುವಾಗ ದಾರ ಸಣ್ಣ ಕುಣಿಕೆ ಬಿಡುತ್ತದೆ; ಶಟಲ್ಲಿನ ಕೊಕ್ಕೆ ಅದನ್ನು ಹಿಡಿದು ಬಾಬಿನ್ ಕೇಸನ್ನು ಬಳಸಿಕೊಂಡು ಹಾಯಿಸುತ್ತದೆ. ಎರಡೂ ದಾರ ಬಟ್ಟೆಯ ಒಡಲಲ್ಲೇ ಹೆಣೆದುಕೊಳ್ಳುತ್ತವೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಹೊಲಿಗೆಗೇ. ಯಂತ್ರಗಳ ಮೋಹವನ್ನು ಕಟುವಾಗಿ ಟೀಕಿಸಿದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟು ಮೆಚ್ಚಿದ್ದರು.

ಕಾಲು ಮಿಷನ್ನಿನ ದೊಡ್ಡ ಗುಣವೆಂದರೆ ಅದು ನಿಮ್ಮ ವೇಗ ಮೀರುವುದಿಲ್ಲ. ನೀವು ನಿಧಾನಿಸಿದರೆ ಅದೂ ನಿಧಾನ. ಮೊದಲು ದಾರ ಹಾಕದೆ ಬರೀ ತುಳಿಯಿರಿ. ಚಕ್ರ ಹಿಂದಕ್ಕೆ ತಿರುಗಿದರೆ ದಾರ ತುಂಡಾಗುತ್ತದೆ, ಆದ್ದರಿಂದ ಪಾದಕ್ಕೆ ಲಯ ಕೂಡುವವರೆಗೂ ಇದೇ ಪಾಠ. ಆಮೇಲೆ ಗೆರೆಯಿರುವ ನೋಟ್‌ಬುಕ್ ಹಾಳೆ ಇಟ್ಟು, ಗೆರೆಯ ಮೇಲೇ ತೂತು ಬೀಳುವಂತೆ ಓಡಿಸಿ. ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ. ಬಟ್ಟೆಗೆ ಹೊಸ ಸೂಜಿ ಹಾಕಿ. ಸಾಧಾರಣ ಹತ್ತಿ ಬಟ್ಟೆಗೆ 14ನೇ ನಂಬರ್ ಸಾಕು.

ಹೊಲಿದ ಮೇಲೆ ಬಟ್ಟೆ ಮಗುಚಿ ನೋಡುವುದೂ ಒಂದು ಸುಖ. ಅಡಿಯಲ್ಲಿ ದಾರ ಗುಂಗುರು ಗುಂಗುರಾಗಿದ್ದರೆ ಮೇಲಿನ ಟೆನ್ಷನ್ ಸಡಿಲ, ಇಲ್ಲವೇ ದಾರ ಸರಿಯಾಗಿ ಕೂತಿಲ್ಲ. ಟೆನ್ಷನ್ ತಿರುಪನ್ನು ಕೂದಲೆಳೆಯಷ್ಟು ಬಿಗಿಮಾಡಿ ಮತ್ತೆ ಹೊಲಿಯಿರಿ. ಎರಡೂ ಬದಿ ಒಂದೇ ಸಮ ಕಂಡಾಗ ಆಗುವ ತೃಪ್ತಿ ಹೊಲಿದವರಿಗೇ ಗೊತ್ತು.

ಹಳೆಯ ಮಿಷನ್ ಸಿಕ್ಕರೂ ಬಿಡಬೇಡಿ. ಚಕ್ರ ಎಲ್ಲೂ ತಡೆಯದೆ ತಿರುಗಿದರೆ ಸಾಕು, ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿದರೆ ಓಡುತ್ತದೆ. ಬ್ಲೌಸಿಗೆ ಮಾತ್ರ ಅವಸರ ಬೇಡ. ಮೊದಲು ಒಂದು ದಿಂಬಿನ ಕವರ್ ಹೊಲಿಯಿರಿ, ಅದರಲ್ಲಿರುವುದೆಲ್ಲ ನೇರ ಹೊಲಿಗೆಯೇ.