ಉಡುಗೊರೆಯ ಬೆಲೆ ತೆರುವವರು ಯಾರು?

ವೈದ್ಯರು ಔಷಧ ಕಂಪನಿಗಳಿಂದ ಪಡೆಯುವ ಉಡುಗೊರೆಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ನೀಡಿದ ತೀರ್ಪು, ಮೂಲತಃ ಆದಾಯ ತೆರಿಗೆಯ ವ್ಯಾಜ್ಯವೊಂದಕ್ಕೆ ಸಂಬಂಧಿಸಿದುದು. ಕಂಪನಿಯೊಂದು ತನ್ನ ಮಾತ್ರೆಯ ಪ್ರಚಾರಕ್ಕೆಂದು ವೈದ್ಯರಿಗೆ ಚಿನ್ನದ ನಾಣ್ಯ, ಟೆಲಿವಿಷನ್, ಫ್ರಿಜ್ ಮೊದಲಾದವನ್ನು ಹಂಚಿತ್ತು. ಅದಕ್ಕೆ ತಗಲಿದ ಸುಮಾರು 4.72 ಕೋಟಿ ರೂಪಾಯಿಗಳನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆಯಲ್ಲಿ ಕಡಿತ ಬೇಡಿತ್ತು. ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಪಡೆದವನು ಕಾಣಿಕೆಯೆಂದು ಭಾವಿಸಿದುದನ್ನು ಕೊಟ್ಟವನು ಖರ್ಚಿನ ಪಟ್ಟಿಯಲ್ಲಿ ಬರೆದಿದ್ದನು. ಇಂತಹ ಖರ್ಚು ಕೊನೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ತಲೆಯ ಮೇಲೆಯೇ ಬೀಳುತ್ತದೆ.

ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿಯೇ ಇಂತಹ ಉಡುಗೊರೆಗಳನ್ನು ನಿಷೇಧಿಸಿತ್ತು. ಆದರೆ 2016ರ ತಿದ್ದುಪಡಿಯು ತಪ್ಪನ್ನು ರೂಪಾಯಿಗಳಲ್ಲಿ ಅಳೆಯಿತು: 1,000ದಿಂದ 5,000 ರೂಪಾಯಿಗಳವರೆಗಿನ ಉಡುಗೊರೆಗೆ ಕೇವಲ ಛೀಮಾರಿ, ಲಕ್ಷ ಮೀರಿದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೋಂದಣಿಯಿಂದ ವಜಾ. ಅದೇ ತಿದ್ದುಪಡಿಯು ವೈದ್ಯರ ಸಂಘಗಳನ್ನು ನಿಯಮದ ವ್ಯಾಪ್ತಿಯಿಂದ ಹೊರಗಿಟ್ಟಿತು. ಒಬ್ಬನಿಗೆ ಅಧರ್ಮವಾದುದು ಹತ್ತು ಮಂದಿ ಕೂಡಿದರೆ ಧರ್ಮವಾಗುವುದೆಂತು? ಔಷಧ ಮಾರಾಟಕ್ಕಾಗಿ 2024ರಲ್ಲಿ ಹೊರಟ ಸಂಹಿತೆಯೂ ಕಂಪನಿಯ ಹೆಸರನ್ನು ನೆನಪಿಸುವ 1,000 ರೂಪಾಯಿಗಳವರೆಗಿನ ವಸ್ತುಗಳಿಗೆ ಅವಕಾಶವಿತ್ತಿದೆ. ದೂರುಗಳ ವಿಚಾರಣೆಯನ್ನು ತಯಾರಕರ ಸಂಘಗಳ ಸಮಿತಿಗಳಿಗೇ ವಹಿಸಿದೆ.

"ಒಂದು ಪೆನ್ನಿಗೆ ಮಾರಾಟವಾಗುವವರೇ ನಾವು?" ಎಂದು ವೈದ್ಯರು ಕೇಳುವುದುಂಟು. ಆದರೆ ಉಡುಗೊರೆಯ ಶಕ್ತಿಯಿರುವುದು ಅದರ ಬೆಲೆಯಲ್ಲಲ್ಲ, ಅದು ಹುಟ್ಟಿಸುವ ಋಣದಲ್ಲಿ. ಅಮೆರಿಕದಲ್ಲಿ ಸುಮಾರು 2,80,000 ವೈದ್ಯರನ್ನು ಕುರಿತ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸರಾಸರಿ 20 ಡಾಲರಿಗೂ ಕಡಿಮೆ ಬೆಲೆಯ ಒಂದೇ ಊಟವನ್ನು ಸ್ವೀಕರಿಸಿದವರು ಸಹ ಆ ಕಂಪನಿಯ ಔಷಧವನ್ನು ಇತರರಿಗಿಂತ ಹೆಚ್ಚಾಗಿ ಬರೆದುದನ್ನು ತೋರಿಸಿತು. ಊಟವೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೆ ಚಿಕ್ಕದು ನಿರುಪದ್ರವಿಯೆಂಬ ನಂಬಿಕೆ ಇಲ್ಲಿ ನಿಲ್ಲದು.

ಸಮ್ಮೇಳನಗಳಿಲ್ಲದೆ ಹೊಸ ಜ್ಞಾನ ದೊರೆಯುವುದೆಂತು ಎಂಬ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಆದರೆ ಜ್ಞಾನಕ್ಕೆ ಬೆಲೆ ತೆರಬೇಕಾದವನು ಅದನ್ನು ಪಡೆಯುವವನೇ. ಅಂಗಡಿಯಲ್ಲಿ ಕೊಳ್ಳುವವನೇ ಆರಿಸುತ್ತಾನೆ. ಚಿಕಿತ್ಸಾಲಯದಲ್ಲಿ ಆರಿಸುವವನು ವೈದ್ಯ, ಹಣ ಕೊಡುವವನು ರೋಗಿ. ತಾನು ಓದಲಾರದ ಚೀಟಿಯನ್ನು ನಂಬಿ ಅವನು ಔಷಧದಂಗಡಿಗೆ ನಡೆಯುತ್ತಾನೆ. ಆ ನಂಬಿಕೆಗೆ ಸಾವಿರ ರೂಪಾಯಿಗಳ ರಿಯಾಯಿತಿಯಿಲ್ಲ.