ಬಿಸಿಯೂಟದ ತಟ್ಟೆಯಲ್ಲಿ ಏನಿದೆ?

ಹಸಿದ ಮಗುವನ್ನು ಶಾಲೆಗೆ ಕರೆತರುವ ಕೆಲಸವನ್ನು ಕರ್ನಾಟಕದ ಶಾಲಾ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ಚೆನ್ನಾಗಿ ಮಾಡಿದೆ. ಮಗುವಿನ ಹೊಟ್ಟೆ ತುಂಬಿಸಿದ ಊಟ ಅದರ ಮೈಗೆ ಎಷ್ಟು ಹತ್ತುತ್ತಿದೆ ಎಂಬುದನ್ನು ಈಗ ಕೇಳಲೇಬೇಕು.

ನಿಯಮದ ಪ್ರಕಾರ ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆದರೆ ಈ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕಿಯಿಂದಲೇ ಬರುತ್ತದೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ. ಆ ಕೊರತೆ ನೀಗಿಸಬೇಕಾದದ್ದು ಬೇಳೆ. ಆದರೆ ಸಾಂಬಾರು ಬಡಿಸುವ ಸೌಟು ತಳ ಮುಟ್ಟಿದರೆ ಬೇಳೆ, ಮೇಲ್ಮೇಲೆ ಆಡಿದರೆ ಬರೀ ತಿಳಿ. ಹೀಗಾಗಿ ಒಂದೇ ಪಾತ್ರೆಯ ಸಾಂಬಾರು ಎಲ್ಲ ಮಕ್ಕಳಿಗೂ ಒಂದೇ ಊಟವಾಗುವುದಿಲ್ಲ.

ಮೊಟ್ಟೆಯ ಬೆಲೆ ತಿಳಿಯುವುದು ಇಲ್ಲೇ. ಒಂದರಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಇದೆ. ನೀರು ಬೆರೆಸಿ ಹೆಚ್ಚಿಸಲು ಬರುವುದಿಲ್ಲ, ಅರ್ಧ ಬಡಿಸಿದರೆ ಮಗುವಿಗೇ ಗೊತ್ತಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಕೆಲವು ಜಿಲ್ಲೆಗಳಲ್ಲಿ, ವಿರೋಧದ ನಡುವೆ ಶುರುವಾದ ಮೊಟ್ಟೆ ವಿತರಣೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಇಡೀ ಯೋಜನೆಯಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ನನಗೆ ಕಾಣುವುದಿಲ್ಲ. ಕೊರತೆ ಇರುವುದು ಹಣದಲ್ಲಿ. ಕೊಳ್ಳಲು, ಬೇಯಿಸಲು, ಸುಲಿಯಲು, ಸಾಗಿಸಲು ಎಲ್ಲ ಸೇರಿ ಮೊಟ್ಟೆಯೊಂದಕ್ಕೆ ಆಗ ಕೊಟ್ಟದ್ದು 6 ರೂಪಾಯಿ. ಪೇಟೆಯಲ್ಲಿ ದರ ಏರಿದಾಗ ಆ ಹೊರೆ ಮುಖ್ಯ ಶಿಕ್ಷಕರ ತಲೆಗೆ ಬರುತ್ತದೆ. ಇದು ಅನ್ಯಾಯ.

ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಹಣ್ಣು ಒಳ್ಳೆಯದೇ, ಆದರೆ ಅದರ ಪ್ರೋಟೀನ್ ಸುಮಾರು 1 ಗ್ರಾಂ. ಮನೆಯ ಪದ್ಧತಿ ಗೌರವಿಸುತ್ತೇವೆಂದು ಮಗುವಿಗೆ ಕಡಿಮೆ ಕೊಡುವುದು ಸರಿಯಲ್ಲ. 25 ಗ್ರಾಂ ಶೇಂಗಾದಲ್ಲಿ ಮೊಟ್ಟೆಯಷ್ಟೇ ಪ್ರೋಟೀನ್ ಸಿಗುತ್ತದೆ. ಕಡಲೆಕಾಳಿನ ಉಸಲಿಯನ್ನೂ ಕೊಡಬಹುದು; ಅದನ್ನು ಮಾಡಲು ಬಾರದ ಅಡುಗೆಯವರು ನಮ್ಮ ಶಾಲೆಗಳಲ್ಲಿ ಯಾರಿದ್ದಾರೆ?

ತರಕಾರಿಯದ್ದು ಇನ್ನೂ ದೊಡ್ಡ ಚಿಂತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅವರೇ ಇಂದು ಶಾಲೆಯ ಪಂಕ್ತಿಯಲ್ಲಿ ಕೂತಿದ್ದಾರೆ. ರಕ್ತಹೀನತೆ ನೀಗಲು ನೆರವಾಗುವ ನುಗ್ಗೆಸೊಪ್ಪು, ಹರಿವೆ ಊರಲ್ಲೇ ಸಿಗುವಾಗ ಸಾಂಬಾರಿನಲ್ಲಿ ಆಲೂಗಡ್ಡೆಯ ನಾಲ್ಕು ಹೋಳು ತೇಲಿದರೆ ಸಾಲದು.

ಪೋಷಕರೇ, ಒಂದು ದಿನ ಊಟದ ಹೊತ್ತಿಗೆ ಶಾಲೆಗೆ ಹೋಗಿ, ಕೊನೆಯಲ್ಲಿ ಬಡಿಸಿಕೊಂಡ ಮಗುವಿನ ತಟ್ಟೆ ನೋಡಿ. ಅದರಲ್ಲಿ ಬೇಳೆ, ಸೊಪ್ಪು ಕಾಣದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ.