ಬಯಲಿನ ಹಂದಿಗೂಡು
ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್, ಸಫೋಕ್ ಸೀಮೆಯ ಹೊಲಗಳಲ್ಲಿ ಸಾಲಾಗಿ ಕಾಣುವ, ಕಮಾನಿನಂತೆ ಬಾಗಿದ ತಗಡಿನ ಗೂಡುಗಳಿಗೆ ‘ಆರ್ಕ್’ ಎಂಬ ಹೆಸರಿದೆ. ಬ್ರಿಟನ್ನಿನ ತಾಯಿಹಂದಿಗಳಲ್ಲಿ ಸುಮಾರು ಶೇ. 40ರಷ್ಟು ಹೀಗೆ ಬಯಲಿನಲ್ಲೇ ಮರಿ ಹಾಕುವುದರಿಂದ, ಅಲ್ಲಿನ ಹಂದಿ ಸಾಕಣೆಯ ಜಾಣ್ಮೆಗೆ ಈ ಸಾದಾ ವಸ್ತುವಿಗಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಜಿಗಟು ಮಣ್ಣು ಚಳಿಗಾಲದಲ್ಲಿ ಕೆಸರಿನ ಹೊಂಡವಾಗುವ ಕಾರಣ, ನೀರು ಬೇಗ ಬಸಿದುಹೋಗುವ ಮರಳು ನೆಲವನ್ನೇ ಇದಕ್ಕೆ ಆರಿಸಿಕೊಳ್ಳಲಾಗುತ್ತದೆ. ಸುಮಾರು 115 ದಿನಗಳ ಗರ್ಭಾವಧಿ ಮುಗಿಯುತ್ತಿದ್ದಂತೆ ತಾಯಿಹಂದಿಯು ಒಣಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು, ಮೂತಿಯಿಂದ ಒತ್ತಿ, ಮುಂಗಾಲಿನಿಂದ ಕೆದರಿ, ತನ್ನ ಹಾಸಿಗೆಯನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಗೂಡಿನ ಬಾಗಿಲ ಮುಂದಿನ ‘ಫೆಂಡರ್’ ಎಂಬ ಗಿಡ್ಡ ತಡೆಯನ್ನು ತಾಯಿ ಸಲೀಸಾಗಿ ದಾಟಿ ಮೇವಿಗೆ ಹೋಗಬಲ್ಲದು, ಎಳೆಯ ಮರಿಗಳು ದಾಟಲಾರವು. ಇಷ್ಟು ಸರಳವಾದ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದು ಅಪರೂಪ. ಬೆವರಿ ಮೈ ತಂಪಾಗಿಸಿಕೊಳ್ಳಲು ಹಂದಿಗೆ ಆಗದ್ದರಿಂದ ಬೇಸಿಗೆಯಲ್ಲಿ ಪಕ್ಕದಲ್ಲೇ ಕೆಸರುಗುಂಡಿ ಇರಬೇಕು. ಮೈಗೆ ಮೆತ್ತಿದ ಕೆಸರು ಬಿಸಿಲಿನಿಂದಲೂ ಚರ್ಮವನ್ನು ಕಾಯುತ್ತದೆ (ಕೊಳಕು ಪ್ರಾಣಿಯೆಂಬ ಅಪವಾದ ಇಲ್ಲಿಂದಲೇ ಹುಟ್ಟಿದ್ದರೆ ಆಶ್ಚರ್ಯವಿಲ್ಲ).

ಗಬ್ಬದ ಹಂದಿಯನ್ನು ತಿರುಗಲೂ ಎಡೆಯಿಲ್ಲದ ಕಬ್ಬಿಣದ ಕಟಕಟೆಯಲ್ಲಿ ಇಡುವುದನ್ನು ಬ್ರಿಟನ್ 1999ರಲ್ಲಿ ನಿಷೇಧಿಸಿತು. ಯುರೋಪಿಯನ್ ಒಕ್ಕೂಟದ ಭಾಗಶಃ ನಿಷೇಧ ಪೂರ್ಣವಾಗಿ ಜಾರಿಗೆ ಬಂದದ್ದು 2013ರಲ್ಲಿ. ನಡುವಣ ವರ್ಷಗಳಲ್ಲಿ ಅಗ್ಗದ ಆಮದು ಮಾಂಸದೊಡನೆ ಪೈಪೋಟಿಗಿಳಿಯಬೇಕಾದ ಬ್ರಿಟಿಷ್ ಸಾಕಣೆದಾರರು ಬೆಂಬಲ ಕೇಳಿದ್ದು ನ್ಯಾಯವೇ ಆಗಿತ್ತು. ಬಯಲಿನಲ್ಲಿ ಹುಟ್ಟಿದ ಮರಿಗಳಲ್ಲಿ ಬಹುಪಾಲು ಹಾಲು ಬಿಟ್ಟ ಬಳಿಕ ಕೊಟ್ಟಿಗೆ ಸೇರುತ್ತವೆ ಎಂಬುದೂ ನಿಜ. ಹಂದಿಗಳು ಮತ್ತೊಂದು ಹೊಲಕ್ಕೆ ಹೋದ ಮೇಲೆ, ಗೊಬ್ಬರ ಬಿದ್ದು ಹದಗೊಂಡ ಆ ನೆಲವನ್ನು ಉತ್ತು ರೈತರು ಧಾನ್ಯ ಬಿತ್ತುತ್ತಾರೆ.